ತೂಕದಮ್ಮ ಹಾಕಿಸಿದ ಮೇಜುಗಳು

ಆ ಆಸ್ಪತ್ರೆಯಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದುದು ಬಹುಶಃ ಸಂಬಳ ಕೊಡುವ ಕಚೇರಿಯವರಿಗೆ ಮಾತ್ರ. ಉಳಿದವರೆಲ್ಲರ ಬಾಯಲ್ಲೂ ಅವಳು ತೂಕದಮ್ಮ. ಬೆಳಗಾದರೆ ಮೂಳೆ ವಿಭಾಗದ ಕಾರಿಡಾರಿನ ಆ ತುದಿಯಿಂದ ಚಕ್ರ ಕಿರುಗುಟ್ಟುವ ಸದ್ದು ಬರುತ್ತಿತ್ತು. ಅದರ ಹಿಂದೆಯೇ ತೂಕ ನೋಡುವ ಕುರ್ಚಿಯನ್ನು ತಳ್ಳಿಕೊಂಡು, ಕೊರಳಿಗೆ ಅಳತೆ ಟೇಪು ನೇತುಹಾಕಿಕೊಂಡು ಅವಳು. ಸೊಂಟ ಮುರಿದು ಮಲಗಿದ್ದ ಅಜ್ಜಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಬಂದ್ಳಪ್ಪ, ನಮ್ಮನ್ನ ಕೆಜಿ ಲೆಕ್ಕದಲ್ಲಿ ಮಾರೋಕೆ ಹೊರಟಿದ್ದಾಳೆ" ಎಂದು ನಗೆಯಾಡುತ್ತಿದ್ದರು. "ನಿಮ್ಮನ್ನ ಕೊಳ್ಳೋರು ಯಾರಜ್ಜ, ಬರೀ ಮೂಳೆ" ಎಂದು ಅವಳೂ ಬಿಡದೆ ಹೇಳುತ್ತಿದ್ದಳು.

ತೂಗುವುದು ಮೊದಲಿಗೆ ಅವಳ ಕೆಲಸವೇನೂ ಆಗಿರಲಿಲ್ಲ. ಅವಳನ್ನು ಸೇರಿಸಿಕೊಂಡದ್ದು ಆಹಾರ ತಜ್ಞೆ ಎಂದು. ಯಾರಿಗೆ ಉಪ್ಪು ಕಡಿಮೆ, ಯಾರಿಗೆ ಸಕ್ಕರೆ ಬೇಡ, ಹಲ್ಲಿಲ್ಲದವರಿಗೆ ಯಾವುದನ್ನು ಮೆತ್ತಗೆ ಬೇಯಿಸಬೇಕು, ಇಷ್ಟನ್ನು ಅಡುಗೆಮನೆಗೆ ಹೇಳಿದರೆ ದಿನದ ಕೆಲಸ ಮುಗಿಯಿತು. ಕೂರಲು ಅಡುಗೆಮನೆಯ ಉಗ್ರಾಣಕ್ಕೆ ಅಂಟಿಕೊಂಡಂತೆ ಹಲಗೆ ಹೊಡೆದು ಮಾಡಿದ ಒಂದು ಮೂಲೆ. ಗೋಡೆಯಾಚೆ ಈರುಳ್ಳಿ ಚೀಲ, ಈಚೆ ಅವಳು. ಸಾಯಂಕಾಲ ಮನೆಗೆ ಹೋದರೆ ಬಡಗಿ ಕೆಲಸದ ಗಂಡ ಮೂಗರಳಿಸಿ, "ಇವತ್ತು ಹೊಸ ಈರುಳ್ಳಿ ಬಂದಿದೆ ಅಂತ ಕಾಣುತ್ತೆ" ಎನ್ನುತ್ತಿದ್ದ.

ಆದರೆ ಅವಳ ಕಣ್ಣು ತಟ್ಟೆಯ ಮೇಲಷ್ಟೇ ನಿಲ್ಲುವ ಕಣ್ಣಲ್ಲ. ವಾರ್ಡಿಗೆ ಮೈಕೈ ತುಂಬಿಕೊಂಡು ಬಂದ ಮುದುಕರು ಕೆಲವು ವಾರಗಳ ನಂತರ ಹೊರಡುವಾಗ ಅಂಗಿಯೊಳಗೆ ಅಲ್ಲಾಡುತ್ತಿದ್ದರು. ಮೂಳೆ ಡಾಕ್ಟರು ಶಸ್ತ್ರಚಿಕಿತ್ಸೆಯಲ್ಲಿ ಎತ್ತಿದ ಕೈ. ಅವರು ಕೂಡಿಸಿದ ಮೂಳೆ ಕೂಡದೆ ಇದ್ದದ್ದು ಅಪರೂಪ. ಆದರೂ ಆ ಕೂಡಿದ ಮೂಳೆಯನ್ನು ಎತ್ತಿ ನಡೆಸಲು ಮೈಯಲ್ಲಿ ಮಾಂಸವೇ ಉಳಿದಿರುತ್ತಿರಲಿಲ್ಲ. ಸ್ವಂತ ಕಾಲಲ್ಲಿ ನಡೆದುಕೊಂಡು ಹೋಗಬೇಕಾದವರು ಮಗನ ತೋಳಲ್ಲಿ ಹೋಗುತ್ತಿದ್ದರು. ಮೂಳೆ ಡಾಕ್ಟರಿಗೂ ಇದು ಗೊತ್ತಿತ್ತು. ಒಮ್ಮೆ ಕಾರಿಡಾರಿನಲ್ಲಿ ಅವಳನ್ನು ನಿಲ್ಲಿಸಿ, "ನಾನು ಕಂಬ ನೆಟ್ಟು ಕೊಡ್ತೀನಿ, ಗೋಡೆ ಕುಸೀತಾ ಇದೆ. ಅದು ನಿಮ್ಮ ಇಲಾಖೆ ಅಲ್ವೇನಮ್ಮ?" ಎಂದು ಕೇಳಿದರು. ಆಪಾದನೆಯ ದನಿಯಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ ಪ್ರಶ್ನೆ. ಮರುದಿನವೇ ಅವಳು ಡಯಾಲಿಸಿಸ್ ವಿಭಾಗದವರು ಮೂಲೆಗೆ ಹಾಕಿದ್ದ ತೂಕದ ಕುರ್ಚಿಯನ್ನು ಕೇಳಿ ತಂದಳು. ಎಷ್ಟು ಕರಗುತ್ತಿದೆ ಎಂದು ಗೊತ್ತಿಲ್ಲದೆ ಕರಗುವುದನ್ನು ತಡೆಯುವುದು ಹೇಗೆ?

ಅವಳ ಅಪ್ಪ ಬೇಕರಿಯವನು. ಆ ಬೀದಿಯಲ್ಲಿ ಅವನ ಬ್ರೆಡ್ಡಿನ ಪರಿಮಳಕ್ಕೆ ಎಚ್ಚರವಾಗುತ್ತಿದ್ದ ಮನೆಗಳೇ ಹೆಚ್ಚು. ಅಮ್ಮ ಬೇಗ ತೀರಿಕೊಂಡಿದ್ದರಿಂದ ಅವಳು ಬೆಳೆದದ್ದು ಮೈದಾ ಚೀಲಗಳ ಸಂದಿಯಲ್ಲಿ. ಕಾಲೇಜಿಗೆ ಸೇರಿ ಪೋಷಣೆಯ ಶಾಸ್ತ್ರ ಓದುತ್ತೇನೆ ಎಂದಾಗ ಅಪ್ಪ ಹುಬ್ಬು ಗಂಟಿಕ್ಕಿ, "ತಿನ್ನೋದನ್ನೂ ಕಾಲೇಜಲ್ಲಿ ಕಲಿಸ್ತಾರಾ? ನಾನು ಯಾವ ಪರೀಕ್ಷೆನೂ ಪಾಸಾಗದೆ ಇಷ್ಟು ವರ್ಷ ತಿಂದೆನಲ್ಲ" ಎಂದಿದ್ದ. ಎಂದವನೇ ಮಾರನೆಯ ದಿನ ಅಂಗಡಿಗೆ ಬಂದವರಿಗೆಲ್ಲ ಅದನ್ನೇ ಹೆಮ್ಮೆಯಿಂದ ಸಾರಿದ್ದ. ಅವನು ಹಾಗೇ. ಎದುರಿಗೆ ಮೂಗು ಮುರಿದು, ಬೆನ್ನ ಹಿಂದೆ ಎದೆಯುಬ್ಬಿಸುವ ಜಾತಿ.

ತೂಕದಮ್ಮ ಹಲವು ತಿಂಗಳು ತೂಗಿ, ತೋಳಿನ ಸುತ್ತಳತೆ ತೆಗೆದು, ತಟ್ಟೆಯಲ್ಲಿ ಮಿಕ್ಕಿದ್ದನ್ನೂ ತೂಗಿ ನೋಡಿದ ಮೇಲೆ ಒಂದು ತೀರ್ಮಾನಕ್ಕೆ ಬಂದಳು. ಈ ಮುದುಕರು ತಿನ್ನುವುದೇ ಗುಬ್ಬಿಯಷ್ಟು. ಹಾಗಿದ್ದರೆ ಆ ಗುಬ್ಬಿ ತುತ್ತಿನೊಳಗೇ ಸತ್ವ ತುಂಬಬೇಕು. ಹಾಲಿನ ಪುಡಿ, ಹುರಿದ ಬೇಳೆ, ಬಾದಾಮಿ, ಎಣ್ಣೆಕಾಳು ಇವನ್ನು ಸೇರಿಸಿ ಒಂದು ಪುಡಿ ಮಾಡಿ, ಬಿಸಿ ಹಾಲಿಗೋ ಸೂಪಿಗೋ ಕಲಸಿ ಕೊಟ್ಟರೆ ಹೇಗೆ?

ಅಪ್ಪನ ಬಳಿ ಹೇಳಿದಾಗ ಅವನು ಕೆಲಸವನ್ನು ಅರ್ಧಕ್ಕೇ ಬಿಟ್ಟು ಬಂದು ಕುಳಿತ. "ಹುರಿಯೋದು ನಂಗೆ ಬಿಡು" ಎಂದ. ಬೇಳೆ ಎಷ್ಟು ಹುರಿದರೆ ಹಸಿ ವಾಸನೆ ಹೋಗುತ್ತದೆ, ಎಷ್ಟು ಹುರಿದರೆ ಕಹಿಯಾಗುತ್ತದೆ ಎಂದು ಅವನ ಮೂಗಿಗೆ ಗೊತ್ತಿತ್ತು. ಅದರಲ್ಲಿ ಎಷ್ಟು ಪ್ರೋಟೀನ್ ಉಳಿಯುತ್ತದೆ ಎಂದು ಅವಳ ಪುಸ್ತಕಕ್ಕೆ ಗೊತ್ತಿತ್ತು. ಭಾನುವಾರಗಳೆಲ್ಲ ಅಪ್ಪ ಮಗಳು ಜಗಳವಾಡುತ್ತಾ ಹುರಿದರು, ಬೀಸಿದರು, ಬಿಸಾಡಿದರು. ಕೊನೆಗೊಂದು ದಿನ ಗಂಟಾಗದ, ನಾಲಿಗೆಗೆ ಅಂಟದ, ಚೂರು ಸಿಹಿಯಾದ ಪುಡಿ ಸಿದ್ಧವಾಯಿತು. ಗಂಡ ಒಂದು ಲೋಟ ಕುಡಿದು ಇನ್ನೊಂದು ಕೇಳಿದ. ಅಪ್ಪನಿಗೆ ಅಷ್ಟೇ ಸಾಕಾಯಿತು. ಅಂಗಡಿಯ ಗಾಜಿನ ಕಪಾಟಿನಲ್ಲಿ, ಎಲ್ಲರ ಕಣ್ಣಿಗೂ ಬೀಳುವ ಹಾಗೆ, ಒಂದು ಡಬ್ಬಿ ಬಂದು ಕೂತಿತು. "ನನ್ನ ಮಗಳ ಪುಡಿ. ಆಸ್ಪತ್ರೆಯಲ್ಲಿ ಮುದುಕರನ್ನ ಎಬ್ಬಿಸಿ ಓಡಿಸ್ತಾ ಇದೆ" ಎಂದು ಅವನು ಬ್ರೆಡ್ಡಿನ ಜೊತೆ ಸುದ್ದಿಯನ್ನೂ ಕಟ್ಟಿಕೊಡತೊಡಗಿದ. ಪುಡಿಯನ್ನು ಇನ್ನೂ ಒಬ್ಬ ರೋಗಿಯೂ ಬಾಯಿಗಿಟ್ಟಿರಲಿಲ್ಲ.

ಕೊಡುವ ಮೊದಲು ನೋಡಬೇಕು ಎಂದು ಹಠ ಹಿಡಿದವಳು ತೂಕದಮ್ಮನೇ. ನೋಡುವುದೆಂದರೆ ಸುಮ್ಮನೆ ಕೊಟ್ಟು ಗೆಲುವಾದರೇ ಎಂದು ಕೇಳುವುದಲ್ಲ. ಅದಕ್ಕಾಗಿ ಅವಳು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡಿ ನಿವೃತ್ತರಾಗಿದ್ದ ಒಬ್ಬರನ್ನು ಹಿಡಿದುಕೊಂಡಳು. ಆಸ್ಪತ್ರೆಯಲ್ಲಿ ಅವರನ್ನು ಎಲ್ಲರೂ ಲೆಕ್ಕದ ಮೇಷ್ಟ್ರು ಎನ್ನುತ್ತಿದ್ದರು. ಒಪ್ಪಿಗೆ ಕೊಟ್ಟ ರೋಗಿಗಳನ್ನು ಮೇಷ್ಟ್ರು ಚೀಟಿ ಎತ್ತಿ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ನಿಜವಾದ ಪುಡಿ, ಇನ್ನೊಂದಕ್ಕೆ ನೋಡಲು ಕುಡಿಯಲು ಹಾಗೇ ಇದ್ದು ಒಳಗೆ ಸತ್ವವಿಲ್ಲದ ಪುಡಿ. ಯಾವ ಡಬ್ಬಿಯಲ್ಲಿ ಯಾವುದು ಎಂದು ಔಷಧ ವಿಭಾಗದವರಿಗೆ ಬಿಟ್ಟು ಬೇರೆ ಯಾರಿಗೂ, ತೂಕದಮ್ಮನಿಗೂ, ತಿಳಿಯಕೂಡದು.

ಆ ಹುಸಿ ಪುಡಿಯನ್ನೂ ಅಪ್ಪನೇ ಮಾಡಬೇಕಾಯಿತು. ಅದಕ್ಕೆ ಅವನು ಪಟ್ಟ ಸಂಕಟ ಅಷ್ಟಿಷ್ಟಲ್ಲ. "ಇಷ್ಟು ವರ್ಷದಲ್ಲಿ ಯಾರಿಗೂ ಟೋಪಿ ಹಾಕಿಲ್ಲ ಕಣೇ, ಈಗ ಮುದುಕರಿಗೆ ಹಾಕಿಸ್ತಾ ಇದ್ದೀಯ."

"ಟೋಪಿ ಅಲ್ಲ ಅಪ್ಪ, ಅವರಿಗೆ ಹೇಳೇ ಕೊಡೋದು. ಎರಡರಲ್ಲಿ ಒಂದು ಬರುತ್ತೆ ಅಂತ ಗೊತ್ತು ಅವರಿಗೆ. ಊಟ ಎಲ್ಲರಿಗೂ ಒಂದೇ."

"ಆದ್ರೂ ನಂದು ಚೆನ್ನಾಗಿರೋದು ಅಂತ ನಂಗೊತ್ತಲ್ಲ."

"ನಂಗೆ ಗೊತ್ತಿಲ್ಲ. ಅದಕ್ಕೇ ನೋಡ್ತಿರೋದು."

ಅಪ್ಪ ಗೊಣಗುತ್ತಲೇ ಹುಸಿ ಪುಡಿಯನ್ನೂ ನಿಜದ್ದಷ್ಟೇ ಚೆನ್ನಾಗಿ ಮಾಡಿಕೊಟ್ಟ. ಕೆಟ್ಟದಾಗಿ ಮಾಡಲು ಅವನ ಕೈ ಒಪ್ಪಲಿಲ್ಲ.

ಹೆಚ್ಚುಕಡಿಮೆ ಒಂದು ವರ್ಷ ನಡೆಯಿತು. ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ. ತೂಕದ ಕುರ್ಚಿ ಎಷ್ಟು ಓಡಾಡಿತೆಂದರೆ ಗಂಡ ಒಮ್ಮೆ ಆಸ್ಪತ್ರೆಗೇ ಬಂದು ಅದರ ಚಕ್ರ ಬದಲಾಯಿಸಿ ಹೋದ. ಮುದುಕರ ಕೈಗೆ ಹಿಡಿತದ ಬಲ ನೋಡುವ ಉಪಕರಣ ಕೊಟ್ಟು "ಹಿಂಡಿ ಅಜ್ಜ, ನಿಮ್ಮ ಅಳಿಯನ ಕಿವಿ ಅಂದ್ಕೊಳ್ಳಿ" ಎಂದರೆ, ಅಲ್ಲಾಡದವರೂ ಹಲ್ಲು ಕಚ್ಚಿ ಹಿಂಡುತ್ತಿದ್ದರು. ಆ ವರ್ಷವಿಡೀ ತೂಕದಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೂಳೆ ಡಾಕ್ಟರು ಆಗಲೇ ಬೇರೆ ಆಸ್ಪತ್ರೆಯ ಗೆಳೆಯರಿಗೆಲ್ಲ ಹೇಳಿಕೊಂಡು ಬಂದಿದ್ದರು.

ಒಂದು ಮಧ್ಯಾಹ್ನ ಲೆಕ್ಕದ ಮೇಷ್ಟ್ರು ಈರುಳ್ಳಿ ಮೂಲೆಗೆ ಬಂದು ಕುಳಿತರು. ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡರು. ಮತ್ತೆ ತೆಗೆದರು.

"ವ್ಯತ್ಯಾಸ ಇಲ್ಲಮ್ಮ" ಎಂದರು.

"ಎಷ್ಟು ಇಲ್ಲ ಸರ್?"

"ಚೂರೂ ಇಲ್ಲ. ತೂಕದಲ್ಲಿ ಇಲ್ಲ, ಕೈ ಹಿಡಿತದಲ್ಲಿ ಇಲ್ಲ, ನಡೆದಾಡೋದ್ರಲ್ಲಿ ಇಲ್ಲ. ಪುಡಿ ಕುಡಿದವರು ಊಟದಲ್ಲಿ ಅಷ್ಟನ್ನ ಬಿಟ್ಟಿದ್ದಾರೆ. ಆ ಕಡೆ ಹಾಕಿದ್ದು ಈ ಕಡೆ ಹೋಗಿದೆ."

ಅವಳು ಎಲ್ಲವನ್ನೂ ಇನ್ನೊಮ್ಮೆ ನೋಡಿದಳು, ಮೇಷ್ಟ್ರ ಕೈಲೂ ಇನ್ನೊಮ್ಮೆ ನೋಡಿಸಿದಳು. ತೋಳಿನ ಅಳತೆಯಲ್ಲಿ ಒಂದೇ ಒಂದು ಕಡೆ, ಬೇಕೆಂದು ಹುಡುಕಿದರೆ ಸಿಗುವಷ್ಟು, ಪುಡಿಯ ಪರವಾಗಿ ಕೂದಲೆಳೆಯ ವ್ಯತ್ಯಾಸ ಕಾಣುತ್ತಿತ್ತು. ಅದನ್ನೇ ಹಿಡಿದು ಜಗ್ಗಿ ದೊಡ್ಡದು ಮಾಡಬಹುದಿತ್ತು. ಮೇಷ್ಟ್ರು ಅವಳ ಮುಖವನ್ನೇ ನೋಡುತ್ತಿದ್ದರು. ಅವಳು ಹಾಳೆಗಳನ್ನು ಒಟ್ಟು ಮಾಡಿ, "ಇಲ್ಲ ಅಂದ್ರೆ ಇಲ್ಲ ಸರ್. ಶುಕ್ರವಾರ ಡಾಕ್ಟರುಗಳ ಸಭೆಯಲ್ಲಿ ಹಾಗೇ ಹೇಳ್ತೀನಿ" ಎಂದಳು. ಮೇಷ್ಟ್ರು ಎದ್ದು ಹೋಗುವಾಗ ಅವಳ ಬೆನ್ನು ತಟ್ಟಿದರು. ಅವರು ಯಾರ ಬೆನ್ನನ್ನೂ ತಟ್ಟಿದ್ದನ್ನು ಆಸ್ಪತ್ರೆಯಲ್ಲಿ ಯಾರೂ ಕಂಡಿರಲಿಲ್ಲ.

ಡಾಕ್ಟರುಗಳಿಗೆ ಹೇಳುವುದು ಅವಳಿಗೆ ಅಷ್ಟು ಕಷ್ಟವೆನಿಸಲಿಲ್ಲ. ಅಪ್ಪನಿಗೆ ಹೇಳುವುದು ಕಷ್ಟವಾಯಿತು. ಸಂಜೆ ಬೇಕರಿಗೆ ಹೋದಾಗ ಅವನು ಹಿಟ್ಟು ನಾದುತ್ತಿದ್ದ. ಹೇಳಿದಳು. ಅಪ್ಪನ ಕೈ ನಿಲ್ಲಲಿಲ್ಲ.

"ನಾನು ಹುರಿದದ್ದು ಜಾಸ್ತಿ ಆಯ್ತಾ?"

"ಇಲ್ಲ ಅಪ್ಪ. ನೀನು ಮಾಡಿದ್ದು ಸರಿಯಾಗೇ ಇತ್ತು. ನಾನು ಅಂದ್ಕೊಂಡಿದ್ದು ತಪ್ಪು."

"ಇದನ್ನ ಎಲ್ಲರ ಮುಂದೆ ಹೇಳ್ತೀಯಾ?"

"ಹೇಳ್ತೀನಿ."

"ಹೇಳದೆ ಇದ್ರೆ?"

"ಬೇರೆ ಆಸ್ಪತ್ರೆಯವರೂ ಇದನ್ನೇ ಮಾಡ್ತಾರೆ. ಅಲ್ಲಿನ ಮುದುಕರೂ ಹೀಗೇ ಕರಗ್ತಾರೆ, ಪುಡಿ ಕೊಟ್ಟಿದ್ದೀವಲ್ಲ ಅಂತ ಡಾಕ್ಟರುಗಳು ನಿಶ್ಚಿಂತೆಯಾಗಿರ್ತಾರೆ."

ಅಪ್ಪ ಹಿಟ್ಟನ್ನು ಒದ್ದೆ ಬಟ್ಟೆಯಿಂದ ಮುಚ್ಚಿ, ಕೈ ತೊಳೆದು ಒಳಗೆ ಹೋದ. ಅವಳು ಸ್ವಲ್ಪ ಹೊತ್ತು ಕಾದು ಮನೆಗೆ ಬಂದಳು.

ಸಭೆಯಲ್ಲಿ ಅವಳು ಹೇಳಿದಳು. ಮೂಳೆ ಡಾಕ್ಟರ ಮುಖ ಹುಳ್ಳಗಾಯಿತು. ಗೆಳೆಯರಿಗೆ ಹೇಳಿಕೊಂಡು ಬಂದದ್ದು ನೆನಪಾಗಿರಬೇಕು. ಆದರೆ ಅವರು ಕೊನೆಯಲ್ಲಿ ಎದ್ದು ನಿಂತು, "ಗೆದ್ದಿದ್ದನ್ನ ಹೇಳೋಕೆ ನಮ್ಮಲ್ಲಿ ಎಲ್ಲರೂ ಸಾಲು ನಿಲ್ತಾರೆ. ಇವರು ಇನ್ನೊಂದನ್ನ ಹೇಳಿದ್ರು" ಎಂದಷ್ಟೇ ಹೇಳಿ ಕುಳಿತರು.

ಅದಾದ ಮೇಲಿನ ವಾರದಲ್ಲಿ ಅವಳು ಬೇಕರಿಯ ಹಿಂಬಾಗಿಲಿನಿಂದ ಒಳಗೆ ಬರುತ್ತಿದ್ದಾಗ ಮುಂದುಗಡೆ ಯಾರೋ ಗಿರಾಕಿ ಆ ಪುಡಿ ಕೇಳುತ್ತಿದ್ದದ್ದು ಕಿವಿಗೆ ಬಿತ್ತು. ಅವಳು ಅಲ್ಲೇ ನಿಂತಳು.

"ಅದು ಇಲ್ಲ ಸ್ವಾಮಿ, ತೆಗೆದುಬಿಟ್ಟೆ" ಎಂದ ಅಪ್ಪ.

"ಯಾಕೆ, ಅಷ್ಟೆಲ್ಲ ಹೇಳ್ತಿದ್ರಿ."

"ಅದು ಕೆಲಸ ಮಾಡಲ್ಲ. ನನ್ನ ಮಗಳು ನೋಡಿದ್ದಾಳೆ."

ಹೇಳಿದ ದನಿ ಮೊದಲಿನದೇ. ಡಬ್ಬಿಯನ್ನು ಹೊಗಳುತ್ತಿದ್ದಾಗ ಇದ್ದಷ್ಟೇ ಜೋರು, ಅಷ್ಟೇ ಠೀವಿ. ಗಾಜಿನ ಕಪಾಟಿನಲ್ಲಿ ಡಬ್ಬಿ ಇದ್ದ ಜಾಗದಲ್ಲಿ ಈಗ ಬಿಸ್ಕತ್ತು ಕೂತಿತ್ತು. ತೂಕದಮ್ಮ ಹಿಂಬಾಗಿಲ ಹತ್ತಿರವೇ ನಿಂತು ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು.

ಈಗ ಅವಳಿಗೆ ಉಳಿದದ್ದು ಒಂದು ತುಂಡು ಗುಮಾನಿ. ಮೇಷ್ಟ್ರ ಜೊತೆ ಅಂಕಿಗಳನ್ನು ತಿರುವಿ ಹಾಕುವಾಗ ಒಂದು ಸಂಗತಿ ಕಣ್ಣಿಗೆ ಬಿದ್ದಿತ್ತು. ಕಾರಿಡಾರಿನ ತುದಿಯ ಕೋಣೆಯಲ್ಲಿ ಮಲಗಿದವರು, ನಿಜ ಪುಡಿ ಕುಡಿದವರೂ ಹುಸಿ ಪುಡಿ ಕುಡಿದವರೂ, ಉಳಿದವರಿಗಿಂತ ಕಡಿಮೆ ಕರಗಿದ್ದರು. "ಇದು ಬರೀ ಆಕಸ್ಮಿಕ ಇರಬಹುದು" ಎಂದು ಮೇಷ್ಟ್ರು ಎಚ್ಚರಿಸಿದ್ದರು. "ಪ್ರಶ್ನೆ ಅಂತ ತಗೋ. ಉತ್ತರ ಅಂತ ತಗೋಬೇಡ."

ಪ್ರಶ್ನೆಯೆಂದೇ ತೆಗೆದುಕೊಂಡು ಅವಳು ಊಟದ ಹೊತ್ತಿಗೆ ಆ ಕೋಣೆಗೆ ಹೋಗಿ ಕುಳಿತಳು. ಇಷ್ಟು ವರ್ಷ ಅವಳು ಊಟದ ಮೊದಲು ಬಂದಿದ್ದಳು, ಊಟದ ನಂತರ ಬಂದಿದ್ದಳು. ಊಟದ ಹೊತ್ತಿಗೆ ಅಡುಗೆಮನೆಯಲ್ಲಿರುತ್ತಿದ್ದಳು. ಬೇರೆ ಕೋಣೆಗಳಲ್ಲಿ ತಟ್ಟೆಗಳು ಮಂಚದ ಪಕ್ಕದ ಸ್ಟೂಲಿನ ಮೇಲೆ ಬಂದು ಕೂರುತ್ತಿದ್ದವು, ಮಲಗಿದವರು ಚಾವಣಿ ನೋಡುತ್ತಿದ್ದರು, ಸೂಪು ತಣ್ಣಗಾಗುತ್ತಿತ್ತು. ತುದಿಯ ಕೋಣೆಯಲ್ಲಿ ಮಾತ್ರ ಬೇರೆಯೇ ನಡೆಯುತ್ತಿತ್ತು.

ಅಲ್ಲಿ ಕಂಡಕ್ಟರಜ್ಜಿ ಇದ್ದಳು. ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತಳಾದವಳು. ಗಾಯ ಕೀವು ಕಟ್ಟಿಕೊಂಡು ಎರಡು ಸಲ ಶಸ್ತ್ರಚಿಕಿತ್ಸೆಯಾಗಿ ಆಸ್ಪತ್ರೆಯಲ್ಲೇ ಬೇರು ಬಿಟ್ಟಿದ್ದಳು. ತಟ್ಟೆಗಳ ಗಾಡಿ ಬಾಗಿಲಿಗೆ ಬಂದದ್ದೇ ತಡ, ಅವಳ ಗಂಟಲು ಏಳುತ್ತಿತ್ತು. "ಬನ್ನಿ ಬನ್ನಿ, ಎಲ್ಲ ಮುಂದಕ್ಕೆ ಬನ್ನಿ, ಕಿಟಕಿ ಹತ್ತಿರ ಸೀಟ್ ಖಾಲಿ ಇದೆ. ಏನಮ್ಮ, ನೀನೊಬ್ಬಳೇ ಮಂಚದ ಮೇಲೆ ಏನು, ಇದೇನು ಸ್ಲೀಪರ್ ಬಸ್ಸಾ?" ಕೂರಬಲ್ಲವರು ಕುರ್ಚಿಯನ್ನೂ ಸ್ಟೂಲನ್ನೂ ಎಳೆದುಕೊಂಡು ಕಿಟಕಿಯ ಬಳಿ ಸೇರುತ್ತಿದ್ದರು. ಏಳಲಾರದವರ ಮಂಚವನ್ನೇ ನರ್ಸುಗಳು ಅತ್ತ ತಳ್ಳುತ್ತಿದ್ದರು. ಎಲ್ಲರ ತಟ್ಟೆಯೂ ಬಂದ ಮೇಲೆ ಅಜ್ಜಿ ಚಮಚದಿಂದ ಲೋಟಕ್ಕೆ ಎರಡು ಸಲ ಬಡಿದು "ರೈಟ್" ಎನ್ನುತ್ತಿದ್ದಳು. ಆಮೇಲೆ ಸೊಸೆಯ ಸುದ್ದಿ, ಮಂಡಿ ನೋವು, ಯಾರ ಮೊಮ್ಮಗ ಯಾರ ಹಿಂದೆ ಬಿದ್ದಿದ್ದಾನೆ, ಎಲ್ಲಕ್ಕೂ ಉಪ್ಪುಖಾರ. ಹಾಗೆ ಮಾತಾಡುತ್ತಾ ಆಡುತ್ತಾ ತಟ್ಟೆ ಖಾಲಿಯಾಗುತ್ತಿತ್ತು. ಬಿಟ್ಟವರನ್ನು ಅಜ್ಜಿ ಬಿಡುತ್ತಿರಲಿಲ್ಲ. "ಆ ಮೊಟ್ಟೆ ಯಾಕೆ ಉಳೀತು? ಅದಕ್ಕೂ ಟಿಕೆಟ್ ತಗೊಂಡಿದ್ದೀನಿ ನಾನು."

ತೂಕದಮ್ಮ ನೋಡುತ್ತಾ ಕುಳಿತಳು. ಮರುದಿನವೂ ಬಂದಳು. ಸತ್ವವನ್ನು ಎಲ್ಲಿ ತುಂಬಲಿ ಎಂದು ತಲೆ ಕೆಡಿಸಿಕೊಂಡಿದ್ದವಳಿಗೆ, ಒಬ್ಬಂಟಿಯಾಗಿ ಚಾವಣಿ ನೋಡುತ್ತಾ ತಿನ್ನುವವರ ಗಂಟಲಲ್ಲಿ ಯಾವ ಸತ್ವವೂ ಇಳಿಯುವುದಿಲ್ಲವೇನೋ ಎಂಬ ಯೋಚನೆ ಬಂದದ್ದು ಆಗ. ಈ ಸಲ ಅವಳು ಹಾರಾಡಲಿಲ್ಲ. ನೆಟ್ಟಗೆ ಮೇಷ್ಟ್ರ ಮನೆಗೆ ಹೋದಳು.

"ಕಂಡಕ್ಟರಜ್ಜಿಯನ್ನ ಡಬ್ಬಿಯಲ್ಲಿ ತುಂಬಿ ಕೊಡೋಕಾಗಲ್ಲ ಸರ್. ಆದರೆ ಮೇಜು ಹಾಕಬಹುದು. ಜೊತೆಗೆ ಕೂತು ತಿನ್ನೋರನ್ನ ಕರೀಬಹುದು. ಅದನ್ನ ಅಳೆಯೋದು ಹೇಗೆ?"

ಮೇಷ್ಟ್ರು ದಾರಿ ಹೇಳಿದರು. ಒಂದೊಂದು ವಾರ್ಡಿಗೆ ಒಂದೊಂದು ತಿಂಗಳಲ್ಲಿ ಮೇಜು ಹಾಕುವುದು; ಯಾವುದಕ್ಕೆ ಮೊದಲು ಎಂದು ಚೀಟಿ ಎತ್ತುವುದು; ಮೇಜಿಲ್ಲದಾಗ ಹೇಗಿತ್ತು, ಮೇಜು ಬಂದ ಮೇಲೆ ಹೇಗಾಯಿತು ಎಂದು ತೂಗುತ್ತಾ ಹೋಗುವುದು.

ಮೂಳೆ ಡಾಕ್ಟರು ತಕ್ಷಣ ಒಪ್ಪಲಿಲ್ಲ. ಹೊಸದಾಗಿ ಕೂಡಿಸಿದ ಸೊಂಟದವರನ್ನು ದಿನಕ್ಕೆ ಎರಡು ಸಲ ಎಬ್ಬಿಸುವುದೆಂದರೆ ಆಟವೇ? ಬಿದ್ದರೆ? ಒಬ್ಬರ ಗಾಯದ ಸೋಂಕು ಇನ್ನೊಬ್ಬರಿಗೆ ತಗುಲಿದರೆ? ಪ್ರಶ್ನೆಗಳು ನ್ಯಾಯವಾಗೇ ಇದ್ದವು. ಅವಳು ಒಂದೊಂದಕ್ಕೂ ಏರ್ಪಾಡು ಮಾಡಿದಳು. ಸೋಂಕಿದ್ದವರಿಗೆ ಬೇರೆ ಮೇಜು ಎಂದಾಯಿತು. ಕೋಪ ಮಾಡಿಕೊಂಡವಳು ಕಂಡಕ್ಟರಜ್ಜಿ. ಅವಳ ಗಾಯ ಪೂರ್ತಿ ಒಣಗುವವರೆಗೆ ಅವಳೂ ಬೇರೆ ಮೇಜಿಗೆ. "ನನ್ನ ಬಸ್ಸಲ್ಲೇ ನಂಗೆ ಸೀಟಿಲ್ಲ" ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ಆ ಮೇಜಲ್ಲೇ ಗುಲ್ಲೆಬ್ಬಿಸಿದಳು.

ಮೇಜು ಮಾಡಿದ್ದು ತೂಕದಮ್ಮನ ಗಂಡ. ಗಾಲಿಕುರ್ಚಿಯ ಕೈಗಳು ಒಳಗೆ ಸರಿಯಬೇಕು, ಊರಿ ನಿಂತರೆ ಅಲ್ಲಾಡಬಾರದು, ನಡುಗುವ ಕೈ ತಗುಲಿದರೂ ತಟ್ಟೆ ಕೆಳಗೆ ಜಾರಬಾರದು. ಅವನು ಒಂದು ಮಾದರಿ ಮಾಡಿ, ವಾರ್ಡಿಗೆ ಹೊತ್ತು ತಂದು, ತಾನೇ ಗಾಲಿಕುರ್ಚಿಯಲ್ಲಿ ಕೂತು ನೋಡಿ, ವಾಪಸು ಒಯ್ದು ಕಾಲು ಕೊಯ್ದು ತಂದ. ಮೂಲೆಗಳನ್ನು ದುಂಡಗೆ ಉಜ್ಜಿ, ಅಂಚಿಗೆ ಬೆರಳ ದಪ್ಪದ ಕಟ್ಟೆ ಕೊಟ್ಟ. "ಇಷ್ಟು ವರ್ಷ ಮದುವೆಯಾಗಿ ಇವಳಿಗೊಂದು ಮೇಜು ಮಾಡಿಕೊಟ್ಟಿರಲಿಲ್ಲ. ಈಗ ಒಟ್ಟಿಗೆ ಒಂದು ಆಸ್ಪತ್ರೆಗಾಗುವಷ್ಟು ಮಾಡಿಸಿಕೊಂಡ್ಳು" ಎಂದು ಅವನು ನರ್ಸುಗಳ ಮುಂದೆ ದೂರುತ್ತಿದ್ದ. ದೂರುವಾಗ ಮುಖ ಅರಳಿರುತ್ತಿತ್ತು.

ಜೊತೆಗೆ ಕೂತು ಉಣ್ಣುವವರು ಬೇಕಾಗಿದ್ದರು. ಬಡಿಸುವವರಲ್ಲ, ಉಪದೇಶ ಮಾಡುವವರಲ್ಲ. ತಾವೂ ಒಂದು ತಟ್ಟೆ ಇಟ್ಟುಕೊಂಡು ತಿನ್ನುವವರು. ಮೊದಲು ಬಂದವನು ಅಪ್ಪ. ಹೆಂಡತಿ ಹೋದಾಗಿನಿಂದ ಒಲೆಯ ಪಕ್ಕ ನಿಂತುಕೊಂಡೇ ಏನೋ ಒಂದು ಬಾಯಿಗೆ ಹಾಕಿಕೊಳ್ಳುತ್ತಿದ್ದ ಅವನು, ಮಧ್ಯಾಹ್ನದ ಬ್ರೆಡ್ಡು ಮುಗಿದ ಮೇಲೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ವಾರ್ಡಿಗೆ ಬರತೊಡಗಿದ. ಆಸ್ಪತ್ರೆಯ ಬ್ರೆಡ್ಡನ್ನು ಮುರಿದು ನೋಡಿ, ಮೂಸಿ, "ಇದನ್ನ ಮಾಡಿದವನು ಯಾರ ಮೇಲೋ ಸಿಟ್ಟಲ್ಲಿದ್ದ" ಎನ್ನುತ್ತಿದ್ದ. ಮೇಜಿನ ಸುತ್ತ ನಗೆ ಏಳುತ್ತಿತ್ತು. ನಕ್ಕವರು ಬ್ರೆಡ್ಡನ್ನೂ ತಿನ್ನುತ್ತಿದ್ದರು. ಒಂದೆರಡು ತಿಂಗಳಲ್ಲಿ ಅವನ ಕೆನ್ನೆಯೂ ತುಂಬಿಕೊಂಡಿತು. ಅದನ್ನು ಮಗಳು ತೂಗದೆಯೇ ಗಮನಿಸಿದಳು.

ಈ ಸಲ ಮೇಷ್ಟ್ರು ಈರುಳ್ಳಿ ಮೂಲೆಗೆ ಬಂದಾಗ ಕನ್ನಡಕ ತೆಗೆಯಲಿಲ್ಲ. "ಕೂತ್ಕೊಳಮ್ಮ" ಎಂದರು. ಮೇಜು ಬಂದ ಪ್ರತಿ ವಾರ್ಡಿನಲ್ಲೂ ತಟ್ಟೆಯಲ್ಲಿ ಮಿಗುವುದು ಇಳಿದಿತ್ತು. ಕರಗುವುದು ಅರ್ಧಕ್ಕರ್ಧ ತಗ್ಗಿತ್ತು. ಮೇಜಿನವರೆಗೆ ನಡೆಯಬೇಕಾಗಿ ಬಂದದ್ದರಿಂದಲೋ, ಮೈಗೆ ಬಲ ಬಂದದ್ದರಿಂದಲೋ, ಜನ ಬೇಗ ಎದ್ದು ಓಡಾಡುತ್ತಿದ್ದರು. ಬಿದ್ದವರು ಮೊದಲಿಗಿಂತ ಹೆಚ್ಚಿರಲಿಲ್ಲ. ಸೋಂಕೂ ಹೆಚ್ಚಿರಲಿಲ್ಲ.

"ಎರಡರಲ್ಲಿ ಯಾವುದರಿಂದ ಅಂತ ಬಿಡಿಸಿ ಹೇಳೋಕಾಗಲ್ಲ ಅಲ್ವಾ ಸರ್, ನಡೆದಿದ್ದರಿಂದಾನೋ ತಿಂದಿದ್ದರಿಂದಾನೋ?" ಎಂದಳು ಅವಳು.

ಮೇಷ್ಟ್ರು ಜೋರಾಗಿ ನಕ್ಕರು. "ಸಂತೋಷಪಡೋಕೆ ಒಂದು ನಿಮಿಷ ತಗೋಮ್ಮ. ಅನುಮಾನ ಎಲ್ಲೂ ಹೋಗಲ್ಲ."

ಅಂದಿನಿಂದ ಮೂಳೆ ಡಾಕ್ಟರ ರೌಂಡ್ಸೇ ಬದಲಾಯಿತು. ನೋವು ಹೇಗಿದೆ, ಜ್ವರ ಇದೆಯೇ ಎನ್ನುವ ಮೊದಲು ಅವರು "ನಿನ್ನೆ ಮೇಜಿಗೆ ಬಂದಿದ್ರಾ?" ಎಂದು ಕೇಳತೊಡಗಿದರು. ಬಾರದವರು ಶಾಲೆ ತಪ್ಪಿಸಿಕೊಂಡ ಮಕ್ಕಳಂತೆ ತಲೆ ತಗ್ಗಿಸುತ್ತಿದ್ದರು.

ಆದರೆ ತೂಕದಮ್ಮನ ಕೆಲಸ ಆಸ್ಪತ್ರೆಯ ಬಾಗಿಲಲ್ಲಿ ಮುಗಿಯಲಿಲ್ಲ. ಮನೆಗೆ ಹೋದವರನ್ನು ಅವಳು ಒಂದಿಷ್ಟು ದಿನಗಳ ನಂತರ ಹೋಗಿ ತೂಗಿ ಬರುತ್ತಿದ್ದಳು. ಗುಣವಾಗಿ ಹೋದವರು ಮನೆಯಲ್ಲಿ ಮತ್ತೆ ಇಳಿದಿದ್ದರು. ಮಗ ಸೊಸೆ ಪ್ರೀತಿಯವರೇ. ಆದರೆ ಹಗಲು ಕೆಲಸಕ್ಕೆ ಹೋಗುತ್ತಿದ್ದರು. ಡಬ್ಬಿಯಲ್ಲಿ ಮುಚ್ಚಿಟ್ಟ ಊಟ, ಎದುರಿಗೆ ಗೋಡೆ. ಬೇಕರಿಯ ಬೀದಿಯಲ್ಲೇ ಇದ್ದ ಕಂಡಕ್ಟರಜ್ಜಿಯ ಮನೆಗೆ ಹೋದಾಗ ಅವಳೂ ಬಾಡಿದ್ದಳು. ಕೋಲು ಹಿಡಿದು ಚೆನ್ನಾಗಿಯೇ ನಡೆಯುತ್ತಿದ್ದಳು, ಆದರೆ ಆ ಗಂಟಲು ಇರಲಿಲ್ಲ. "ಒಬ್ಬಳಿಗೋಸ್ಕರ ಬಸ್ಸು ಓಡಿಸ್ತಾರೇನಮ್ಮ" ಎಂದಳು.

ಅವಳನ್ನು ನೋಡಿಕೊಂಡು ಬಂದ ದಿನ ತೂಕದಮ್ಮ ಅಪ್ಪನ ಮುಂದೆ ಹೋಗಿ ಕುಳಿತಳು. ಬೇಕರಿಯ ಮುಂದಿನ ಕೋಣೆ ಮಧ್ಯಾಹ್ನ ಖಾಲಿಯಿರುತ್ತಿತ್ತು. ಕೇಳುವ ಮೊದಲೇ ಅಪ್ಪ, "ಗಂಡನಿಗೆ ಹೇಳು, ನಮ್ಮ ಬಾಗಿಲು ಕಿರಿದು, ಮೇಜನ್ನ ಒಳಗೇ ಬಂದು ಜೋಡಿಸಬೇಕು ಅಂತ" ಎಂದ. ಆ ಬೀದಿಯ ಮುದುಕರು ತಂತಮ್ಮ ಮನೆಯ ಊಟದ ಡಬ್ಬಿ ಹಿಡಿದು ಬರುತ್ತಿದ್ದರು. ಬಿಸಿ ಮಾಡಲು ಒಲೆ, ಜೊತೆಗೆ ಬಿಸಿ ಬ್ರೆಡ್ಡು ಅಪ್ಪನದು. ಆರೋಗ್ಯ ಕೇಂದ್ರದ ನರ್ಸು ವಾರಕ್ಕೊಮ್ಮೆ ಬಂದು ತೂಗುತ್ತಿದ್ದಳು. ಮೇಜಿನ ತಲೆಯ ಕಡೆಯ ಕುರ್ಚಿ ಯಾರದೆಂದು ಯಾರೂ ಹೇಳಬೇಕಾಗಿರಲಿಲ್ಲ. ಮೊದಲ ದಿನವೇ ಅಲ್ಲಿಂದ "ಮುಂದಕ್ಕೆ ಬನ್ನಿ, ಮುಂದಕ್ಕೆ ಬನ್ನಿ" ಎಂಬ ದನಿ ಬೀದಿಯ ಆ ಕೊನೆಗೂ ಕೇಳಿಸಿತು.

ಅದನ್ನೂ ಅವಳು ಅಳೆದಳು. ಮೇಜಿಲ್ಲದ ಪಕ್ಕದ ಬಡಾವಣೆಗೆ ಹೋಲಿಸಿ ನೋಡಿದಳು. ಇಲ್ಲೂ ಕರಗುವುದು ತಗ್ಗಿತ್ತು. ವಾಚನಾಲಯದಲ್ಲಿ ಒಂದು, ದರ್ಜಿ ಅಂಗಡಿಯ ಹಿಂದೆ ಒಂದು, ಶಾಲೆಯ ವರಾಂಡದಲ್ಲಿ ಒಂದು, ಹೀಗೆ ಮೇಜುಗಳು ಹರಡಿದವು. ಆರೋಗ್ಯ ಕೇಂದ್ರದವರು ಅದನ್ನು ತಮ್ಮ ಕೆಲಸದಲ್ಲೇ ಸೇರಿಸಿಕೊಂಡರು. ಗಂಡ ಇಬ್ಬರು ಕೆಲಸದವರನ್ನು ಇಟ್ಟುಕೊಂಡ.

ಆಮೇಲೊಂದು ವರ್ಷ ದೇಶದ ದೊಡ್ಡ ದೊಡ್ಡ ಡಾಕ್ಟರುಗಳು ಸೇರುವ ಸಭೆಗೆ ಅವಳನ್ನು ಕರೆದರು. ಡಾಕ್ಟರಲ್ಲದವರನ್ನು ಆ ವೇದಿಕೆಗೆ ಕರೆದದ್ದು ಅದೇ ಮೊದಲಂತೆ. ಅವಳು ಮೇಜಿನ ಕಥೆಯಿಂದ ಶುರು ಮಾಡಲಿಲ್ಲ. "ಮೊದಲು ನಾನು ತಪ್ಪಿದ್ದನ್ನ ಹೇಳ್ತೀನಿ" ಎಂದು ಪುಡಿಯಿಂದ ಶುರು ಮಾಡಿದಳು. ಮುಗಿದ ಮೇಲೆ ಚಪ್ಪಾಳೆ ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಪೋಡಿಯಂನ ಹಿಂದೆ ಅವಳು ಕೈ ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಅಳತೆ ಟೇಪನ್ನು ಹುಡುಕಿದಳು.

ಅಪ್ಪ ಹೊಸ ಅಂಗಿ ತೊಟ್ಟು ಮೂರನೆಯ ಸಾಲಿನಲ್ಲಿ ಕೂತಿದ್ದ. ಪಕ್ಕದಲ್ಲಿದ್ದ ಕೋಟಿನ ಡಾಕ್ಟರೊಬ್ಬರು ಸೌಜನ್ಯಕ್ಕೆಂದು, "ತಾವು ಯಾವ ವಿಭಾಗ?" ಎಂದು ಕೇಳಿದರಂತೆ.

"ಓವನ್ ವಿಭಾಗ" ಎಂದ ಅಪ್ಪ. ಅವರು ಗಲಿಬಿಲಿಗೊಂಡದ್ದನ್ನು ನೋಡಿ, ವೇದಿಕೆಯತ್ತ ಗದ್ದ ಎತ್ತಿ ತೋರಿಸಿದ. "ಆಕೆ ನನ್ನ ಮಗಳು. ಕೆಲಸಕ್ಕೆ ಬಾರದ ಪುಡಿ ಅಂದ್ಲಲ್ಲ, ಅದು ನಂದು." ಡಾಕ್ಟರು ಎದ್ದು ಅವನ ಕೈ ಕುಲುಕಿದರು. ಈ ಸಂಗತಿಯನ್ನು ಅಪ್ಪ ಮನೆಗೆ ಬಂದ ಮೇಲೆ ಮಗಳಿಗೆ ಹೇಳಲೇ ಇಲ್ಲ. ಎದುರಿಗೆ, "ಸ್ವಲ್ಪ ಜೋರಾಗಿ ಮಾತಾಡಬೇಕಿತ್ತು, ಹಿಂದಿನವರಿಗೆ ಕೇಳಿಸಿರಲಿಕ್ಕಿಲ್ಲ" ಎಂದಷ್ಟೇ ಅಂದ. ಅವಳಿಗೆ ಅದು ಗೊತ್ತಾದದ್ದು ಬ್ರೆಡ್ಡು ಕೊಳ್ಳಲು ಬಂದ ನೆರೆಯವರ ಬಾಯಿಂದ.

ಆಸ್ಪತ್ರೆಯ ಹೊಸ ಕಟ್ಟಡಕ್ಕೆ ನಕ್ಷೆ ಬರೆಯುವವರು ಬಂದಾಗ, ಮೂಳೆ ವಿಭಾಗದ ಊಟದ ಕೋಣೆ ಎಲ್ಲಿರಬೇಕೆಂದು ಅವಳನ್ನೇ ಕೇಳಿದರು. ಅವಳು ನಕ್ಷೆಯ ಮೇಲೆ ಬಗ್ಗಿ ನೋಡಿ, ಎರಡು ಕಡೆ ಕಿಟಕಿಯಿದ್ದ, ಬೆಳಿಗ್ಗೆಯಿಂದ ಬಿಸಿಲು ಬೀಳುವ, ಎಲ್ಲ ವಾರ್ಡುಗಳಿಗೂ ಹತ್ತಿರವಾದ ಕೋಣೆಯ ಮೇಲೆ ಬೆರಳಿಟ್ಟಳು. ನಕ್ಷೆಯವರು ಕೆಮ್ಮಿದರು. ಅದು ವಿಭಾಗದ ಮುಖ್ಯಸ್ಥರ ಕೋಣೆ. ಮುಖ್ಯಸ್ಥರಾದ ಮೂಳೆ ಡಾಕ್ಟರು ಅಲ್ಲೇ ನಿಂತಿದ್ದರು. ಬೆರಳನ್ನು ನೋಡಿದರು, ಅವಳನ್ನು ನೋಡಿದರು. "ಬರ್ಕೊಳ್ಳಿ" ಎಂದರು ನಕ್ಷೆಯವರಿಗೆ. "ನನ್ನ ಮೇಜನ್ನ ಎಲ್ಲಾದ್ರೂ ಹಾಕಿ."

ಈಗ ಆ ಕೋಣೆಯ ಬಾಗಿಲ ಮೇಲೆ ಊಟದ ಕೋಣೆ ಎಂದಷ್ಟೇ ಬರೆದಿದೆ. ತಟ್ಟೆಗಳ ಗಾಡಿ ಬರುವ ಹೊತ್ತಿಗೆ ಕೋಲುಗಳ, ಗಾಲಿಗಳ, ಎಳೆಯುವ ಚಪ್ಪಲಿಗಳ ಸದ್ದು ನಾಲ್ಕೂ ಕಡೆಯಿಂದ ಅತ್ತಲೇ ಹೊರಡುತ್ತದೆ. ಬಿಡುವಿದ್ದಾಗ ಮೂಳೆ ಡಾಕ್ಟರೂ ಒಂದು ತಟ್ಟೆ ಹಿಡಿದು ಬಂದು, ಯಾರಾದರೂ ಅಜ್ಜನ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂರುತ್ತಾರೆ.